ತೊಂಬತ್ತನಾಲ್ಕರಿಂದ ಏಳಕ್ಕೆ

ಆಸ್ಪತ್ರೆಯ ಹಾಸಿಗೆ ಹಂಚುವ ಪ್ರೋಗ್ರಾಮನ್ನು ಒಂಬತ್ತು ವರ್ಷದಿಂದ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಯಾವ ರೋಗಿ ಯಾವ ವಾರ್ಡಿಗೆ ಎಂದು ತೀರ್ಮಾನಿಸುವ ಫಂಕ್ಷನ್, ಎಂದರೆ ಕೋಡಿನ ತುಣುಕು, ಒಂದಿತ್ತಲ್ಲ, ಅದನ್ನು ಮುಟ್ಟಲು ಉಳಿದವರಿಗೆ ಎದೆ ನಡುಗುತ್ತಿತ್ತು. ಊರಿಗೊಬ್ಬಳೇ ಪದ್ಮಾವತಿ ಎಂದು ಕಚೇರಿಯವರು ರೇಗಿಸುತ್ತಿದ್ದರು. ಮೊದಮೊದಲು ಅವಳಿಗೂ ಅದು ಹಿತವಾಗಿಯೇ ಇತ್ತು, ಸುಳ್ಳೇಕೆ.

ಈಗ ಗಂಡ, ಮಗಳು ಆರು ಗಂಟೆ ರೈಲಿನ ದೂರದಲ್ಲಿದ್ದರು. ಅಲ್ಲಿನ ಶಾಖೆಗೆ ವರ್ಗ ಕೇಳಿ ಮೂರು ಅರ್ಜಿ ಹಾಕಿ ಸೋತಿದ್ದಳು; ಇದನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂದು ಮೂರೂ ವಾಪಸ್ ಬಂದಿದ್ದವು. ಕೊನೆಗೆ ಮ್ಯಾನೇಜರ್ ಕೋಡಿನ ಜಟಿಲತೆ ಅಳೆಯುವ ಟೂಲೊಂದನ್ನು ತಂದ. ‘ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ಪ್ರತಿ ಕವಲಿಗೂ ಅದು ಒಂದು ಅಂಕ ಕೂಡಿಸುತ್ತಿತ್ತು. ಅವಳ ಫಂಕ್ಷನ್ನಿಗೆ ಬಂದದ್ದು ತೊಂಬತ್ತನಾಲ್ಕು.

"ಹತ್ತರೊಳಗೆ ಇಳಿಸಿಬಿಡಿ ಮೇಡಂ. ಆಮೇಲೆ ಯಾರು ಬೇಕಾದ್ರೂ ನೋಡ್ಕೋತಾರೆ, ನೀವು ಆರಾಮಾಗಿ ಹೊರಡಿ" ಎಂದ.

ಯಾವ ಕವಲು ಯಾಕಿದೆ ಎಂದು ಯೋಚಿಸಿ ಹೊಸದಾಗಿ ಕಟ್ಟಲು ಆರು ತಿಂಗಳು ಬೇಕಿತ್ತು. ಮಗಳೋ, ಫೋನಿನಲ್ಲಿ ‘ಯಾವಾಗ ಬರ್ತೀಯಮ್ಮಾ’ ಎಂದು ಕೇಳುವುದನ್ನೇ ಬಿಟ್ಟಿದ್ದಳು. ಆರು ತಿಂಗಳು ಯಾರು ಕಾಯುತ್ತಾರೆ? ಇಡೀ ಫಂಕ್ಷನ್ನನ್ನು ಕಚಕಚನೆ ಕತ್ತರಿಸಿ ಅರವತ್ತೆಂಟು ಚೂರು ಮಾಡಿದಳು. ಒಂದು ಚೂರು ತನ್ನ ಕೆಲಸಕ್ಕೆ ಇನ್ನೊಂದನ್ನು ಕರೆಯುವುದು, ಅದು ಮತ್ತೊಂದನ್ನು. ಮೂರೇ ವಾರ. ಯಾವ ಚೂರಿಗೂ ಏಳಕ್ಕಿಂತ ಹೆಚ್ಚು ಅಂಕ ಬರಲಿಲ್ಲ. ಅವತ್ತೇ ಸೂಟ್‌ಕೇಸ್ ಕೆಳಗಿಳಿಸಿದಳು, ಹುಚ್ಚಿ.

ಅವಳ ಜಾಗಕ್ಕೆಂದು ಬಂದವಳು ಪಳಗಿದ ಕೈ; ಅವಳಿಗೆ ಕೆಲಸ ಒಪ್ಪಿಸಿ ಇವಳು ಹೊರಡಬೇಕಿತ್ತು. ಜ್ವರದ ಮಕ್ಕಳನ್ನು ಬೇರೆ ವಾರ್ಡಿಗೆ ಕಳಿಸಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಆ ಒಂದು ಬದಲಾವಣೆಗಾಗಿ ಹೊಸಬಳು ಎರಡು ತಿಂಗಳು ತಿಣುಕಿದಳು. ಆಮೇಲೆ ಇವಳೆದುರು ಕೈ ಮುಗಿದಳು.

"ಮೊದಲು ಕಷ್ಟಪಟ್ಟಾದ್ರೂ ಮೇಲಿಂದ ಕೆಳಗೆ ಓದಬಹುದಿತ್ತಂತಲ್ಲ ಅಕ್ಕ. ಈಗ ಎಲ್ಲಿ ಶುರು, ಎಲ್ಲಿ ಕೊನೆ ಅಂತಾನೇ ತಿಳಿಯಲ್ಲ. ನನ್ನ ಕೈಲಾಗಲ್ಲ" ಎಂದವಳು ಮರುದಿನದಿಂದ ಬರಲಿಲ್ಲ.

ಮ್ಯಾನೇಜರ್ ಮಾತ್ರ ನಗುನಗುತ್ತಲೇ ವರ್ಗದ ನಾಲ್ಕನೆಯ ಅರ್ಜಿಯನ್ನೂ ವಾಪಸ್ ಕೊಟ್ಟ. "ನಂಬರ್ ಏನೋ ಚೆನ್ನಾಗಿದೆ. ಆದ್ರೆ ಇದು ನಿಮ್ಮೊಬ್ಬರಿಗೇ ಅರ್ಥ ಆಗೋದಲ್ವಾ ಮೇಡಂ? ಹೇಗೆ ಕಳಿಸಲಿ ಹೇಳಿ."

ಅರ್ಜಿ ಹಿಡಿದು ಬಂದು ಅವಳು ತನ್ನ ಕುರ್ಚಿಯಲ್ಲಿ ಕೂತಳು. ಜ್ವರದ ಮಕ್ಕಳ ಕೆಲಸವನ್ನಾದರೂ ಮುಗಿಸೋಣವೆಂದು ಒಂದು ಚೂರು ತೆರೆದಳು. ಅದು ಕರೆದ ಇನ್ನೊಂದನ್ನು, ಅದು ಕರೆದ ಮತ್ತೊಂದನ್ನು. ಎಲ್ಲಾ ಅವಳೇ ಬರೆದದ್ದು. ಹದಿನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳಿಗೂ ಏನೂ ಅರ್ಥವಾಗಲಿಲ್ಲ. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.