ಕಿವಿಯ ಬಣ್ಣ

ನನ್ನ ಕಿವಿಗಳಿಗೆ ಮಾನ ಮರ್ಯಾದೆ ಇಲ್ಲ. ಬಾಯಿ ಒಂದು ಸುಳ್ಳು ಹೇಳಲು ತೆರೆಯುವ ಮೊದಲೇ ಅವು ಕೆಂಪಾಗಿ ಊರಿಗೆಲ್ಲ ಡಂಗುರ ಸಾರಿಬಿಡುತ್ತವೆ. ಇಂಥವಳು ವಾರವಾರ ಪೋಕರ್ ಆಡಲು ಕೂರುತ್ತೇನೆ ಎಂದರೆ ನಗಬೇಡಿ. ಕೈಯಲ್ಲಿ ಏನೂ ಇಲ್ಲದಾಗ ಎಲ್ಲ ಇದೆ ಎಂದು ಎದುರಿನವರನ್ನು ನಂಬಿಸುವುದೇ ಆ ಇಸ್ಪೀಟಾಟದ ಜೀವಾಳ ಎನ್ನುವುದು ನನಗೂ ಗೊತ್ತು. ಗೊತ್ತಿದ್ದೇ ಕೂರುತ್ತೇನೆ, ಗೊತ್ತಿದ್ದೇ ಸೋಲುತ್ತೇನೆ. ಯಾರಪ್ಪನ ಗಂಟೇನು ಹೋಗುತ್ತದೆ?

ಆಟ ನಡೆಯುವುದು ಅಕ್ಕನ ಹೊಲಿಗೆ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ, ಅವಳು ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ. ಪಣಕ್ಕಿಡುವುದು ಗುಂಡಿಗಳನ್ನು. ಅಂಗಿಯ ಗುಂಡಿ ಚಿಲ್ಲರೆ, ಕೋಟಿನ ಗುಂಡಿ ದೊಡ್ಡದು, ಹಿತ್ತಾಳೆ ಗುಂಡಿ ಮೇಜಿಗೆ ಬಂತೆಂದರೆ ಇವತ್ತು ಯಾರೋ ಮುಳುಗಿದರು ಎಂದೇ ಲೆಕ್ಕ. ಭಾವ ಬಸ್ ಓಡಿಸುವವರು, ವಾರವಿಡೀ ಕನ್ನಡಿ ನೋಡಿ ನೋಡಿ ಅಭ್ಯಾಸವಾಗಿ ಯಾರ ಮುಖದಲ್ಲಿ ಏನು ಅಲುಗಿದರೂ ಹಿಡಿದುಬಿಡುತ್ತಾರೆ. ನನ್ನ ಕಿವಿಯನ್ನು ಕಂಡುಹಿಡಿದವರೂ ಅವರೇ. ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಂಡು ಒಂದು ವಾರ ಗೆದ್ದೆ ನೋಡಿ, ಮರುವಾರವೇ ಅವರು ನಿಯಮ ಹೊರಡಿಸಿದರು.

"ಕಿವಿ ಮುಚ್ಕೊಂಡು ಆಡೋದು ಮೋಸ. ಕೂದಲು ಎತ್ತಿ ಕಟ್ಟಿದ್ರೆ ಮಾತ್ರ ಎಲೆ ಹಂಚ್ತೀನಿ."

ಅಂದಿನಿಂದ ಆ ಮೇಜಿಗೆ ನಾನು ಜುಟ್ಟು ಕಟ್ಟಿಕೊಂಡೇ ಕೂರುವುದು.

ನಾಲ್ಕನೆಯ ಕುರ್ಚಿ ನಮ್ಮ ಪ್ರಕಾಶಕರದು. ನಾನು ಅವರ ಕಾಮಿಕ್ಸ್ ಪುಸ್ತಕಗಳಿಗೆ ಬಣ್ಣ ಹಾಕುವವಳು. ಒಂದು ದಿನ ಬಾಯಿಮಾತಿಗೆ "ಬನ್ನಿ ಸಾರ್, ಆಡೋಣ" ಎಂದಿದ್ದೆ, ಮನುಷ್ಯ ಬಂದೇಬಿಟ್ಟರು. ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಅಕ್ಕ ಅವರಿಗಿಟ್ಟ ಹೆಸರು ಹೊಗಳುಭಟ್ಟ. ಕೈಗೆ ಒಳ್ಳೆಯ ಎಲೆ ಬಂದರೆ ಅವರು ತುಟಿ ಬಿಚ್ಚುವುದಿಲ್ಲ. ಕೈ ಖಾಲಿಯಿದ್ದಾಗ ಎದುರು ಕೂತವರನ್ನು ಹೊಗಳಲು ಶುರು ಮಾಡುತ್ತಾರೆ. ಅಕ್ಕನ ಹೊಲಿಗೆ, ಭಾವನ ಮೀಸೆ, ಕೊನೆಗೆ ಗೋಡೆಯ ಮೇಲಿನ ಗಡಿಯಾರವನ್ನೂ ಬಿಟ್ಟಿಲ್ಲ. ತಮ್ಮ ಈ ಚಾಳಿ ಅವರಿಗೇ ಗೊತ್ತಿಲ್ಲ, ನಾವೂ ಬಾಯಿಬಿಟ್ಟಿಲ್ಲ. ನನ್ನ ಕಿವಿಯ ಗುಟ್ಟು ಮಾತ್ರ ಅವರಿಗೆ ಮೊದಲ ದಿನವೇ ತಿಳಿಯಿತು. ಕೆಲಸಕ್ಕೆ ಬಾರದ ಎಲೆಗಳನ್ನು ಹಿಡಿದು ನಾನು ಗತ್ತಿನಿಂದ ಹಿತ್ತಾಳೆ ಗುಂಡಿ ತಳ್ಳಿದ್ದೆ. ಅವರು ನನ್ನ ಕಣ್ಣು ನೋಡಲಿಲ್ಲ, ಕಿವಿ ನೋಡಿದರು.

"ಬಣ್ಣ ಬಯಲಾಯ್ತಲ್ಲ ಮೇಡಂ!"

ಬಣ್ಣ ಹಾಕುವವಳ ಬಣ್ಣ ಬಯಲು ಎಂದು ಭಾವ ಆ ವಾರವಿಡೀ ಹೇಳಿಕೊಂಡು ನಕ್ಕರು. ತಮಾಷೆಯೆಂದರೆ ಆ ಕೆಂಪನ್ನು ನಾನೇ ನೋಡಿಲ್ಲ. ಕನ್ನಡಿಯ ಮುಂದೆ ನಿಂತು ಸುಳ್ಳು ಹೇಳಿಕೊಂಡೂ ನೋಡಿದ್ದೇನೆ, ಕೇಳುವವರಿಲ್ಲದ ಸುಳ್ಳಿಗೆ ಕಿವಿ ಕ್ಯಾರೇ ಅನ್ನುವುದಿಲ್ಲ. ನನಗೆ ಗೊತ್ತಾಗುವುದು ಅದರ ಬಿಸಿ ಮಾತ್ರ.

ಇನ್ನು ನನ್ನ ಕೆಲಸದ ವಿಷಯ. ಕಥೆ ಬರೆಯುವವರು ಬರೆಯುತ್ತಾರೆ, ಚಿತ್ರ ಬಿಡಿಸುವವನು ಕಪ್ಪು ಗೆರೆಯಲ್ಲಿ ಬಿಡಿಸುತ್ತಾನೆ, ಆಮೇಲೆ ಪುಟಗಳು ನನ್ನ ಸ್ಕ್ರೀನಿಗೆ ಬರುತ್ತವೆ. "ಅಂದ್ರೆ ಮಕ್ಕಳು ಕ್ರಯಾನ್ ತುಂಬ್ತಾರಲ್ಲ, ಹಾಗಾ?" ಎಂದು ಕೇಳಿದ ನೆಂಟರೊಬ್ಬರ ಜೊತೆ ನಾನು ಇವತ್ತಿಗೂ ಮಾತಾಡುವುದಿಲ್ಲ. ಒಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ ಎಂದು ಗೆರೆ ಹೇಳುತ್ತದೆ. ಅವಳು ಬೆಳಗ್ಗೆಯಿಂದ ನಿಂತಿದ್ದಾಳೋ, ಈಗ ತಾನೇ ಬಂದಳೋ, ಒಳಗೆ ಸೆಕೆಯೋ ಚಳಿಯೋ, ಇದೆಲ್ಲ ನನ್ನ ಪಾಲಿನ ಮಾತು.

ಈಗ ಕೈಯಲ್ಲಿರುವುದು ದೋಣಿ ನಡೆಸುವ ಒಬ್ಬ ಹೆಂಗಸಿನ ಕಥೆ. ವರ್ಷಗಳಿಂದ ಭಾಗ ಭಾಗವಾಗಿ ಬರುತ್ತಿದೆ. ಅವಳ ಕಪ್ಪು ಮೈಯ ಮೇಲೆ ಬೀಳುವ ಸಂಜೆ, ಅವಳ ನದಿಯ ಕೆಸರು, ಅವಳು ಸಿಟ್ಟಾದಾಗ ಆಕಾಶಕ್ಕೆ ಬರುವ ತಾಮ್ರದ ಛಾಯೆ, ಎಲ್ಲವನ್ನೂ ತಡಕಾಡಿ ಹುಡುಕಿದವಳು ನಾನು. ನನಗೆ ಅವಳೆಂದರೆ ಪ್ರಾಣ. ಈ ಭಾಗದಲ್ಲಿ ಅವಳ ತಾಯಿ ಸಾಯುತ್ತಾಳೆ. ಎದುರುಬದುರು ಎರಡು ಪುಟ, ಒಂದೂ ಮಾತಿಲ್ಲ. ಮಂಚ, ಕಿಟಕಿ, ಅರ್ಧ ಎಳೆದ ಪರದೆ, ನೀರಿನ ಲೋಟ, ಹೊರಗೆ ಹಗ್ಗದ ಮೇಲೆ ಒಣಗುವ ಬಟ್ಟೆ. ಹೊತ್ತು ಯಾವುದೆಂದು ಕಥೆ ಬರೆದವರೂ ಹೇಳಿರಲಿಲ್ಲ.

ಕೈ ತಾನಾಗಿ ನೀಲಿಗೆ ಹೋಯಿತು. ಕಾಮಿಕ್ಸಿನಲ್ಲಿ ಸಾವೆಂದರೆ ನೀಲಿ. ರಾತ್ರಿ, ಸಾಧ್ಯವಾದರೆ ಸ್ವಲ್ಪ ಮಳೆ. ಮೊದಲ ಚೌಕ ಮುಗಿಸಿ ನೋಡಿದೆ, ನೋಡಿದ್ದೇ ತಡ ಮೈಯೆಲ್ಲ ಉರಿದುಹೋಯಿತು. ಯಾವ ನೀಲಿ? ನಮ್ಮಮ್ಮ ಹೋದದ್ದು ಮಟಮಟ ಮಧ್ಯಾಹ್ನ. ಪರದೆಯ ಸಂದಿಯಿಂದ ಬಂದ ಬಿಸಿಲು ಅಮ್ಮನ ಮೊಣಕಾಲಿನ ಮೇಲೆ ಬಿದ್ದಿತ್ತು. ಎದುರುಮನೆಯವನು ಸ್ಕೂಟರ್ ತೊಳೆಯುತ್ತಾ ಶಿಳ್ಳೆ ಹಾಕುತ್ತಿದ್ದ. ಅಮ್ಮನ ಉಸಿರು ನಿಂತ ಮೇಲೂ ಅವನ ಶಿಳ್ಳೆ ನಿಲ್ಲಲಿಲ್ಲ, ಬಿಸಿಲೂ ಜಾಗ ಬಿಟ್ಟು ಕದಲಲಿಲ್ಲ.

ನೀಲಿಯನ್ನೆಲ್ಲ ಅಳಿಸಿ ಆ ಎರಡೂ ಪುಟಗಳಿಗೆ ಹಳದಿ ಹೊಯ್ದೆ. ಕಣ್ಣು ಚುಚ್ಚುವ, ದಯೆಯಿಲ್ಲದ ಹಳದಿ. ಕಳಿಸಿದ ಮರುದಿನ ಪ್ರಕಾಶಕರ ಫೋನ್ ಬಂತು.

"ಪುಟ ಎಲ್ಲಾ ಚೆನ್ನಾಗಿದೆ ಮೇಡಂ. ಆ ಎರಡನ್ನ ಮಾತ್ರ ನೀಲಿ ಮಾಡ್ಬಿಡಿ. ರಾತ್ರಿ ಇರ್ಲಿ."

"ಯಾಕೆ?"

"ಸಾವಲ್ವಾ? ಓದೋರಿಗೆ ಅಳು ಬರ್ಬೇಕು. ಇದು ನೋಡಿದ್ರೆ ಪಿಕ್ನಿಕ್ಕಿಗೆ ಹೊರಟ ಹಾಗಿದೆ."

"ಸಾವು ಹೊತ್ತು ನೋಡ್ಕೊಂಡು ಬರಲ್ಲ ಸಾರ್. ನಾನು ಬದಲಾಯ್ಸಲ್ಲ."

"ನೀವು ಮಾಡದಿದ್ರೆ ಕಂಪ್ಯೂಟರ್ ಮಾಡುತ್ತೆ. ಈಗ ಗುಂಡಿ ಒತ್ತಿದ್ರೆ ಅದೇ ಬಣ್ಣ ತುಂಬುತ್ತಲ್ಲ."

"ಹಾಗಾದ್ರೆ ಮಿಕ್ಕ ಪುಸ್ತಕಕ್ಕೂ ಅದೇ ತುಂಬ್ಲಿ. ನಾನು ಬಿಡ್ತೀನಿ!"

ಆ ಕಡೆಯಿಂದ ನಗು ಕೇಳಿಸಿತು. "ಫೋನಲ್ಲಿ ಕಿವಿ ಕಾಣಲ್ವಲ್ಲ ಮೇಡಂ. ಸೋಮವಾರ ಆಫೀಸಿಗೆ ಬನ್ನಿ, ಕೂತು ಮಾತಾಡೋಣ. ಈ ಭಾನುವಾರ ಆಟಕ್ಕೆ ಬರೋಕಾಗಲ್ಲ, ಅಕ್ಕನಿಗೆ ಹೇಳ್ಬಿಡಿ."

ಫೋನ್ ಇಟ್ಟು ಕಿವಿ ಮುಟ್ಟಿ ನೋಡಿಕೊಂಡೆ. ಕೆಂಡ. ಬಿಡುತ್ತೇನೆ ಎಂದದ್ದು ಬರೀ ಬಾಯಿಯ ಜೋರು ಎಂದು ಕಿವಿಗಳಿಗೆ ಗೊತ್ತಾಗಿತ್ತು. ದೋಣಿಯವಳನ್ನು ಅರ್ಧ ನದಿಯಲ್ಲಿ ಬಿಟ್ಟು ನಾನೆಲ್ಲಿಗೆ ಹೋಗಲಿ? ಹಾಗೆಂದು ಅಮ್ಮನ ಮಧ್ಯಾಹ್ನವನ್ನು ರಾತ್ರಿ ಮಾಡಲೇ? ಅತ್ತ ದರಿ, ಇತ್ತ ಪುಲಿ.

ಭಾನುವಾರ ಎಲೆ ಹಂಚುತ್ತಲೇ ಭಾವ ಬುದ್ಧಿ ಹೇಳಿದರು. "ಎರಡು ಪುಟ ತಾನೆ? ನೀಲಿ ಬಳಿದು ಬಿಸಾಕು. ಅಷ್ಟಕ್ಕೆ ಯಾಕೆ ಹಟ?"

"ಹಟ ಅಲ್ಲ ಭಾವ."

"ಮತ್ತಿನ್ನೇನು?"

ಅಕ್ಕ ಬೆರಳಿಗಂಟಿದ ಚಾಕ್ ಪುಡಿಯನ್ನು ಒರೆಸಿಕೊಂಡು ಕೈ ಚಾಚಿದಳು. "ಎಲ್ಲಿ, ತೋರಿಸು."

ಮೊಬೈಲಿನಲ್ಲಿ ಪುಟ ತೆರೆದು ಕೊಟ್ಟೆ. ಅವಳು ಬೆರಳಿನಿಂದ ದೊಡ್ಡದು ಮಾಡಿದಳು. ಮಂಚ ನೋಡಿದಳು, ಪರದೆ ನೋಡಿದಳು, ಮೊಣಕಾಲಿನ ಮೇಲಿನ ಬಿಸಿಲಿಗೆ ಬಂದು ಅಲ್ಲೇ ನಿಂತಳು. ಭಾವ ತಮ್ಮ ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟರು.

"ನಾನು ಲೋಟ ತೊಳೆಯೋಕೆ ಹೋಗಿದ್ದೆ," ಎಂದಳು ಅಕ್ಕ.

"ಹೂಂ."

"ಆ ಎದುರುಮನೆಯೋನು ಶಿಳ್ಳೆ ಹಾಕ್ತಿದ್ದ."

"ನಿಂಗೂ ನೆನಪಿದ್ಯಾ?"

"ನೆನಪಾ? ಹೋಗಿ ಅವನ ಕತ್ತು ಹಿಸುಕಿಬಿಡೋಣ ಅನ್ನಿಸಿತ್ತು ಕಣೆ."

ಇಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತು ಆಡಿದ್ದೇವೆ, ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ತುಟಿಪಿಟಕ್ ಎಂದಿರಲಿಲ್ಲ. ಅವಳ ಕಣ್ಣು ತುಂಬಿತ್ತು, ನನ್ನದೂ. ಭಾವ ಕೆಳಗಿಟ್ಟಿದ್ದ ಎಲೆಗಳನ್ನು ಪಕ್ಕಕ್ಕೆ ಸರಿಸಿದರು. ಅವರು ಮನಸ್ಸು ಬದಲಾಯಿಸಿದರೆ ಬಸ್ಸು ತಿರುಗಿಸಿದ ಹಾಗೆ, ಪೂರ್ತಿ ತಿರುಗಿಸುತ್ತಾರೆ.

"ಸರಿ, ಹೀಗೆ ಮಾಡು. ಬೇರೆ ಪ್ರಕಾಶಕರು ಕರೆದಿದ್ದಾರೆ ಅಂತ ಒಂದು ಬುರುಡೆ ಬಿಡು. ತಣ್ಣಗಾಗ್ತಾನೆ."

"ಬುರುಡೆನಾ? ರೀ, ಇವಳ ಕಿವಿ ನೋಡಿದ್ದೀರಲ್ಲ," ಎಂದಳು ಅಕ್ಕ.

"ಕೂದಲು ಬಿಟ್ಕೊಂಡು ಹೋಗ್ಲಿ. ಆಫೀಸಲ್ಲಿ ನಮ್ಮ ನಿಯಮ ನಡೆಯಲ್ವಲ್ಲ."

ಸೋಮವಾರ ಬೆಳಗ್ಗೆ ಅಕ್ಕ ಹೊಲಿಗೆಗೆ ಕೂರುವ ಮುಂಚೆ ನನ್ನ ಮನೆಗೇ ಬಂದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೂದಲನ್ನು ಎರಡೂ ಕಡೆ ಇಳಿಬಿಟ್ಟು, ಕಿವಿಯ ತುದಿಯೂ ಕಾಣದ ಹಾಗೆ ಬಾಚಿದಳು. "ಗಾಳಿಗೆ ಹಾರದ ಹಾಗೆ ನೋಡ್ಕೊ," ಎಂದು ಹೇಳಿ ಹೋದಳು. ದಾರಿಯುದ್ದಕ್ಕೂ ನಾನು ಬುರುಡೆಯನ್ನು ಬಾಯಿಪಾಠ ಮಾಡಿಕೊಂಡು ನಡೆದೆ.

ಪ್ರಕಾಶಕರ ಕೋಣೆಯಲ್ಲಿ ಹೊಸ ಪುಸ್ತಕಗಳ ಕಟ್ಟುಗಳು ಕುರ್ಚಿಗಳನ್ನೂ ಹಿಡಿದು ಕೂತಿದ್ದವು. ಒಂದು ಕಟ್ಟನ್ನು ತಾವೇ ಎತ್ತಿ ಕೆಳಗಿಟ್ಟು ನನಗೆ ಜಾಗ ಮಾಡಿಕೊಟ್ಟರು. ಕೂತದ್ದೇ ತಡ, ಶುರುವಾಯಿತು.

"ನಿಮ್ಮ ಕಣ್ಣು ಕಣ್ಣಲ್ಲ ಮೇಡಂ, ನಿಧಿ. ನಿಮ್ಮಂಥ ಕೈ ಈ ಊರಲ್ಲೇ ಇಲ್ಲ. ಹೋದ ಪುಸ್ತಕದ ಆ ಸಂಜೆ ಇದ್ಯಲ್ಲ, ನನ್ನ ಹೆಂಡ್ತಿ ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ..."

ನನ್ನ ಒಳಗಿನ ಜೂಜುಕೋರಳು ಎದ್ದು ಕೂತಳು. ಹೊಗಳಿಕೆಯೇ ಇಷ್ಟು ದಪ್ಪವಿದೆಯಲ್ಲ, ಕೈ ಎಷ್ಟು ಖಾಲಿಯಿರಬೇಕು? ಬುರುಡೆ ಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಹಾಳೆಗಳ ಸುರುಳಿಯಿಂದ ರಬ್ಬರ್‌ಬ್ಯಾಂಡ್ ತೆಗೆದು ಬಿಡಿಸಿದರು.

"ಕಂಪ್ಯೂಟರ್ ಮಾಡಿದ್ದು. ನೀವೇ ನೋಡಿ."

ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ? ಚೆನ್ನಾಗಿದ್ದುದಕ್ಕೇ ನನಗೆ ಸಿಟ್ಟು ಬಂದದ್ದು. ಕಿಟಕಿಯಿಂದ ಬೆಳದಿಂಗಳು ಇಳಿದು ತಾಯಿಯ ಹಣೆ ಸವರುತ್ತಿತ್ತು. ಲೋಟದ ನೀರು ಬೆಳ್ಳಿಯಾಗಿತ್ತು. ಹಗ್ಗದ ಮೇಲಿನ ಬಟ್ಟೆಗಳೂ ತಲೆ ತಗ್ಗಿಸಿಕೊಂಡು ಅಳುವಂತಿದ್ದವು. ಇಡೀ ಲೋಕ ಆ ಹೆಂಗಸಿಗಾಗಿ ಕೆಲಸ ಬಿಟ್ಟು ನಿಂತಿತ್ತು. ನಮ್ಮಮ್ಮನಿಗಾಗಿ ಯಾವ ಲೋಕ ನಿಂತಿತ್ತು? ಅಕ್ಕನಿದ್ದಳು, ನಾನಿದ್ದೆ, ಮಿಕ್ಕದ್ದೆಲ್ಲ ತನ್ನ ಪಾಡಿಗೆ ತಾನು ಸ್ಕೂಟರ್ ತೊಳೆಯುತ್ತಿತ್ತು. ಅಂಥ ಮಧ್ಯಾಹ್ನ ಕಂಡವರು ಈ ಪುಸ್ತಕ ಓದುವವರಲ್ಲಿ ಇರುವುದಿಲ್ಲವೇ? ಅವರಿಗೂ ಬೆಳದಿಂಗಳು ತೋರಿಸಿ ಸಮಾಧಾನ ಮಾಡಬೇಕೇ?

ಬುರುಡೆ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಈ ಹಾಳೆಯಲ್ಲಿ ಇರುವ ಸುಳ್ಳೇ ಸಾಕಾಗಿತ್ತು, ಅದಕ್ಕೆ ನನ್ನದೂ ಒಂದು ಯಾಕೆ?

ಮೇಜಿನ ಮೇಲೆ ಬಿದ್ದಿದ್ದ ರಬ್ಬರ್‌ಬ್ಯಾಂಡ್ ತೆಗೆದುಕೊಂಡೆ. ಅಕ್ಕ ಅಷ್ಟು ಜತನದಿಂದ ಇಳಿಬಿಟ್ಟಿದ್ದ ಕೂದಲನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ, ಬಿಗಿಯಾಗಿ ಜುಟ್ಟು ಕಟ್ಟಿದೆ. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡೆ.

"ಏನ್ ಮಾಡ್ತಿದ್ದೀರಿ ಮೇಡಂ?"

"ಕಿವಿ ನೋಡಿ ಸಾರ್."

"ಅಯ್ಯೋ, ಅದು ತಮಾಷೆಗೆ..."

"ನೋಡ್ತಾ ಕೇಳಿ. ಆ ಎರಡು ಪುಟ ಹಳದಿಯಾಗೇ ಅಚ್ಚಾಗ್ಬೇಕು. ನೀಲಿ ಮಾಡಿದ್ರೆ ಮುಂದಿನ ಒಂದು ಪುಟಾನೂ ನಾನು ಮುಟ್ಟಲ್ಲ. ನನ್ನನ್ನ ಬೇರೆ ಯಾರೂ ಕರೆದಿಲ್ಲ. ಬೇರೆ ಕೆಲಸಾನೂ ಇಲ್ಲ. ದೋಣಿಯವಳನ್ನ ಬಿಟ್ರೆ ನನಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ಆದ್ರೂ ಬಿಡ್ತೀನಿ."

ನನ್ನ ಕೈಯಲ್ಲಿದ್ದ ಎಲೆಗಳನ್ನೆಲ್ಲ ಹೀಗೆ ಮುಖ ಮೇಲಾಗಿ ಹರಡಿಬಿಟ್ಟೆ. ಒಂದೂ ರಾಜನಿಲ್ಲ, ಒಂದೂ ರಾಣಿಯಿಲ್ಲ. ಭಾವ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಪ್ರಕಾಶಕರು ನನ್ನ ಎಡಗಿವಿ ನೋಡಿದರು. ಆಮೇಲೆ ಸ್ವಲ್ಪ ಬಾಗಿ ಬಲಗಿವಿ ನೋಡಿದರು. ನನಗೆ ಬಿಸಿ ತಿಳಿಯುತ್ತಿರಲಿಲ್ಲ. ಕಿವಿಗಳು ಇವೆಯೆಂಬುದೇ ತಿಳಿಯದಷ್ಟು ತಣ್ಣಗಿದ್ದವು. ಅವರು ಹೊಗಳಲು ಬಾಯಿ ತೆರೆದರು, ಮುಚ್ಚಿದರು. ಹೊರಗೆ ಯಾರೋ ಕಟ್ಟುಗಳನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗುವ ಸದ್ದು ಕೇಳಿಸುತ್ತಿತ್ತು.

"ಯಾರು ಹೋಗಿದ್ದು, ಮಧ್ಯಾಹ್ನ?" ಎಂದು ಕೇಳಿದರು ಕೊನೆಗೆ. ಅವರ ದನಿ ಬೇರೆಯಾಗಿತ್ತು.

"ಅಮ್ಮ."

ಅವರು ನೀಲಿ ಹಾಳೆಗಳೆರಡನ್ನೂ ಜೋಡಿಸಿ, ಅಂಚು ಸರಿಮಾಡಿ, ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟು, ನನ್ನ ಕಡೆಗೆ ತಳ್ಳಿದರು. ಸೋತವರು ಎಲೆ ಕೆಳಗಿಡುವುದು ಹಾಗೆಯೇ.

"ಮುಂದಿನ ಪುಟಗಳಿಗೂ ಕಂಪ್ಯೂಟರ್ ಕೈಲೇ ಬಣ್ಣ ಹಾಕಿಸಿ ನೋಡಿದ್ದೆ," ಎಂದರು. "ಚೌಕಕ್ಕೊಂದು ಮೈಬಣ್ಣ ಹಾಕಿ ಚೌಕಕ್ಕೊಬ್ಬಳು ಹೆಂಗಸನ್ನ ಮಾಡಿ ಕೊಡ್ತು. ಒಬ್ಬಳೂ ನಮ್ಮ ದೋಣಿಯವಳಲ್ಲ."

"ಗೊತ್ತಿತ್ತು."

"ಹೇಗೆ ಗೊತ್ತಿತ್ತು?"

ಹೊಗಳಿಕೆಯ ಆ ಗುಟ್ಟನ್ನು ಹೇಳಲು ನನಗೇನು ಹುಚ್ಚೇ? ಇನ್ನೆಷ್ಟೋ ಭಾನುವಾರಗಳು ಬಾಕಿಯಿವೆ. ಎದ್ದು ಬಾಗಿಲ ತನಕ ಹೋದಾಗ ಅವರು ಹಿಂದಿನಿಂದ ಕರೆದರು.

"ಮೇಡಂ, ಆ ರಬ್ಬರ್‌ಬ್ಯಾಂಡ್ ನನ್ನದು."

"ಇಲ್ಲ ಸಾರ್," ಎಂದೆ. "ಇದನ್ನ ನಾನು ಗೆದ್ದಿದ್ದು."