ಸಾವಿರ ಮೆಟ್ಟಲು ಹತ್ತಿದ ಕಾಲು

"ಇನ್ನೊಂಚೂರು ಒತ್ತಿ ಸ್ವಾಮಿ, ಬಗ್ಗುತ್ತೆ," ಅಂದ ಮೃತ್ಯುಂಜಯ.

ಬಗ್ಗಲಿಲ್ಲ. ಅವನ ಮಾವ ಪ್ರಭುಸ್ವಾಮಿಯ ಹೆಣದ ಬಲಗಾಲು ಚಕ್ಕಳಮಕ್ಕಳ ಹಾಕಿದ ಹಾಗೆ ಮಡಚಿಕೊಂಡಿತ್ತು. ಎಡಗಾಲು ಮಾತ್ರ ಬೂದುಗುಂಬಳಕಾಯಿ ಹಾಗೆ ಊದಿಕೊಂಡು ಮುಂದಕ್ಕೆ ಚಾಚಿಕೊಂಡೇ ಇತ್ತು. ಜಂಗಮರಾದ ಏಕಾಂತಯ್ಯನವರು ಹಣೆಯ ಬೆವರು ಒರೆಸಿಕೊಂಡರು. ಲಿಂಗಾಯತರ ಮನೆ ಹೆಣ ಮಲಗುವ ಹಾಗಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಹಿಡಿಸಿ, ಪೂಜೆಗೆ ಕೂತ ಹಾಗೆ ಕೂರಿಸಬೇಕು. ಮಣ್ಣಿಗೆ ಹೋಗುವುದೂ ಕೂತೇ.

"ಕೂರೋದ್ರಲ್ಲಿ ಇವನನ್ನ ಮೀರಿಸೋರು ಮೈಸೂರಲ್ಲೇ ಇರ್ಲಿಲ್ಲ," ಅಂದಳು ಗಿರಿಜಾಂಬಾ ಮೂಲೆಯಿಂದ. "ದೇವರಾಜ ಮೊಹಲ್ಲಾದಲ್ಲಿ ಕುಕ್ಕರ್ ರಿಪೇರಿಗೆ ಅಂತ ಕೂತೋನು ನಲವತ್ತು ವರ್ಷ ಎದ್ದೇಳ್ಲಿಲ್ಲ. ಇವತ್ತು ಕೂತ್ಕೊಳ್ಳೋ ಅಂದ್ರೆ ಹಟ ಮಾಡ್ತಾನೆ."

ಅಳುತ್ತಿದ್ದವರಲ್ಲೂ ಇಬ್ಬರು ನಕ್ಕರು. ಗಿರಿಜಾಂಬಾಳ ಬಾಯಿಯೇ ಹಾಗೆ. ಮೂವತ್ತಕ್ಕೆ ಗಂಡನನ್ನ ಕಳಕೊಂಡು, ಒಂದು ಟ್ರಂಕು ಹೊತ್ತು ತಮ್ಮನ ಮನೆಗೆ ಬಂದವಳು. ಹಾಲು ಉಕ್ಕಿದರೆ ಅಡುಗೆಮನೆಗೆ ಕಾವೇರಿ ನುಗ್ಗಿತು ಅನ್ನುವಳು. ಸೊಳ್ಳೆ ಕಚ್ಚಿದರೆ ಒಂದು ಲೋಟ ರಕ್ತ ಹೋಯಿತು ಅನ್ನುವಳು. ಎಪ್ಪತ್ತೆರಡಾದರೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದದ್ದು ಮಂಡಿ ಒಂದೇ. ಮನೆ ಮುಂದಿನ ಮೂರು ಮೆಟ್ಟಲು ಹತ್ತಿಳಿಯಲು ಅವಳಿಗೆ ತಮ್ಮನ ಮಗಳು ಹೇಮಶ್ರೀ ಕೈ ಕೊಡಬೇಕು. ಆ ಹುಡುಗಿ ತಾಯಿ ಸತ್ತಾಗ ಆರು ವರ್ಷದವಳು. ಬೆಳೆಸಿದವಳು ಈ ಸೋದರತ್ತೆಯೇ.

"ಇರ್ಲಿ ಬಿಡಿ, ಪಂಚೆ ಹೊದಿಸಿಬಿಡೋಣ. ಕಾಣಲ್ಲ," ಅಂದರು ಏಕಾಂತಯ್ಯನವರು. ಬಿಳಿ ಪಂಚೆ ಎಡಗಾಲನ್ನ ಮುಚ್ಚಿತು.

ಹೇಮಶ್ರೀ ಅಪ್ಪನ ಪಕ್ಕದಲ್ಲೇ ಕೂತಿದ್ದಳು. ತೊಡೆಯ ಮೇಲೆ ಆಸ್ಪತ್ರೆಯ ಪ್ಲಾಸ್ಟಿಕ್ ಕವರು.

"ಹರ್ನಿಯಾ ಆಪರೇಷನ್ನಿಗೆ ಅಂತ ಹೋದೋರು," ಅಂದಳು, ಯಾರಿಗೂ ಅಂತಲ್ಲ. "ಐದನೇ ದಿನಕ್ಕೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಯ್ತು ಅಂತಾರೆ. ಹಾಗಾಗದೇ ಇರೋಕೆ ಇಂಜೆಕ್ಷನ್ ಇದೆಯಂತೆ. ಯಾಕೆ ಕೊಡ್ಲಿಲ್ಲ?"

"ಇಂಜೆಕ್ಷನ್ ಬೇಡ ಅಂತ ಕಂಪ್ಯೂಟರ್ ಹೇಳ್ತಂತೆ," ಅಂದ ಮೃತ್ಯುಂಜಯ. "ಅದರ ಪ್ರಶ್ನೆಗೆ ಯಾರು ಏನು ಉತ್ತರ ಕೊಟ್ರು ಅನ್ನೋದು ಆ ಕವರೊಳಗೇ ಇದೆ. ಮೊದಲು ಮಣ್ಣು ಮುಗೀಲಿ. ಆಮೇಲೆ ಬಿಡಲ್ಲ ಅವರನ್ನ."

ಗಿರಿಜಾಂಬಾ ಆ ಕವರನ್ನೇ ನೋಡಿದಳು.

*

ಆಸ್ಪತ್ರೆಗೆ ಸೇರಿಸಿದ ದಿನ ಪ್ರಭುಸ್ವಾಮಿ ಹೊಟ್ಟೆ ಹಿಡಿದುಕೊಂಡು ಸ್ಟ್ರೆಚರಿನ ಮೇಲೆ ಮುದುಡಿಕೊಂಡಿದ್ದ. ಹೇಮಶ್ರೀ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ಸಿಂಚನ ಅಂತ ಹೆಸರಿನ ಪಟ್ಟಿ ಹಾಕಿದ್ದ ನರ್ಸ್ ಹುಡುಗಿ ಗಾಲಿ ಇರುವ ಕಂಪ್ಯೂಟರನ್ನ ತಳ್ಳಿಕೊಂಡು ಬಂದಳು.

"ಅಜ್ಜಿ, ನಾನು ಕೇಳಿದ್ದಕ್ಕೆ ಸರಿಯಾಗಿ ಹೇಳ್ಬೇಕು. ಇವರಿಗೆ ರಕ್ತ ಹೆಪ್ಪುಗಟ್ಟೋ ಭಯ ಇದೆಯಾ, ಇಂಜೆಕ್ಷನ್ ಬೇಕಾ ಅಂತ ಇದೇ ಲೆಕ್ಕ ಹಾಕಿ ಹೇಳುತ್ತೆ. ಚೆನ್ನಾಗಿ ಓಡಾಡ್ತಾರಾ?"

ಒಂದು ವರ್ಷದಿಂದ ಪ್ರಭುಸ್ವಾಮಿ ಆ ಮೂರು ಮೆಟ್ಟಲು ಹತ್ತಬೇಕಾದರೆ ಎರಡನೆಯದರಲ್ಲಿ ನಿಂತು ಉಸಿರು ತಗೊಳ್ಳುತ್ತಿದ್ದ. ಆದರೆ ನಮ್ಮನೆ ಗಂಡಸು ಕೂತಲ್ಲೇ ಕೂತಿರುತ್ತಾನೆ ಅಂತ ಬೇರೆಯವರ ಮುಂದೆ ಹೇಳುವುದುಂಟೇ? ಆಡಿಕೊಳ್ಳುವುದೇನಿದ್ದರೂ ಮನೆಯೊಳಗೆ.

"ಓಡಾಡೋದಾ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಲು ಹತ್ತಿ, ಇಳಿದು, ಮರೆತು ಬಂದ ಚಪ್ಪಲಿಗೆ ಅಂತ ಮತ್ತೆ ಹತ್ತುತ್ತಾನೆ!"

ಅಷ್ಟು ನೋವಲ್ಲೂ ಪ್ರಭುಸ್ವಾಮಿಯ ತುಟಿ ನಗುವಿಗೆ ಸೊಟ್ಟಗಾಯಿತು. ಅಲ್ಲ ಅನ್ನಲಿಲ್ಲ.

"ಮುಂಚೆ ಯಾವಾಗಲಾದ್ರೂ ಕಾಲು ಊದಿತ್ತಾ? ರಕ್ತ ತೆಳು ಮಾಡೋ ಮಾತ್ರೆ ತಗೊಂಡಿದ್ರಾ?"

ಏಳು ವರ್ಷದ ಹಿಂದೆ ಊದಿತ್ತು. ಮೂರು ತಿಂಗಳು ಮಾತ್ರೆ ನುಂಗಿದ್ದ, ಇವಳೇ ಎಣಿಸಿ ಕೊಟ್ಟಿದ್ದು. ಹಳೇ ಕಾಯಿಲೆ ಎಲ್ಲಾ ಹೇಳಿ, ಇವರು ಬೇರೆ ಆಸ್ಪತ್ರೆಗೆ ಕರ್ಕೊಂಡೋಗಿ ಅಂದುಬಿಟ್ಟರೆ? ಇಲ್ಲಿ ಇವನು ಹೊರಳಾಡುತ್ತಿದ್ದಾನೆ.

"ಹುಟ್ಟಿದಾಗಿಂದ ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ ಕಣಮ್ಮ. ಕಬ್ಬಿಣದ ದೇಹ."

ಸಿಂಚನ ಟಕಟಕ ಒತ್ತಿದಳು. ಪರದೆ ಮೇಲೆ ಹಸಿರು ಬಂತು.

"ಇಂಜೆಕ್ಷನ್ ಬೇಡ ಅಂತಿದೆ ಅಜ್ಜಿ."

"ನೋಡ್ದೇನೋ ಪ್ರಭು, ಕಂಪ್ಯೂಟರ್ರೂ ನಿನ್ನ ಗಟ್ಟಿ ಆಳು ಅಂತು," ಅಂದಳು ಗಿರಿಜಾಂಬಾ, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ.

*

ನಾಲ್ಕನೇ ದಿನ ಅವನು ಅಂದಿದ್ದ, "ಅಕ್ಕಾ, ಎಡಗಾಲ ಮೀನಖಂಡ ಯಾರೋ ಹಿಂಡಿದ ಹಾಗಾಗುತ್ತೆ."

"ಹಾಸಿಗೇಲಿ ಬೇರು ಬಿಟ್ಟಿದ್ದೀಯ, ಅದಕ್ಕೆ. ನೀರು ಹಾಕಿದ್ರೆ ಚಿಗುರ್ತೀಯ," ಅಂದಿದ್ದಳು.

ಮಧ್ಯಾಹ್ನ ಡಾಕ್ಟರು ಬಂದರು. ಸಿಂಚನ ಮೆತ್ತಗೆ, "ಸಾರ್, ಇವರಿಗೆ ಕಾಲು ನೋವಂತೆ. ಇನ್ನೊಂದ್ಸಲ ಎಲ್ಲಾ ಕೇಳಿ ಹಾಕ್ಲಾ?" ಅಂದಳು.

ಡಾಕ್ಟರು ಪರದೆ ನೋಡಿದರು. "ಹಸಿರೇ ಇದೆಯಲ್ಲಮ್ಮ. ಹಾಸಿಗೆಯಿಂದ ಎದ್ದು ಓಡಾಡಿದ್ರಾ?"

"ಹತ್ತು ಸುತ್ತು!" ಅಂದುಬಿಟ್ಟಳು ಗಿರಿಜಾಂಬಾ. ತಮ್ಮನಿಗೆ ಬೈಗುಳ ತಪ್ಪಲಿ ಅಂತ. ಅವನು ಎದ್ದಿದ್ದು ಬಚ್ಚಲಿಗೆ, ಒಂದೇ ಸಲ.

"ಗುಡ್," ಅಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಹೊದಿಕೆ ಎತ್ತಿ ಕಾಲು ನೋಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಎದ್ದು ನಿಂತ ಪ್ರಭುಸ್ವಾಮಿ, "ಅಕ್ಕಾ, ಉಸಿರು" ಅಂದ. ಆಮೇಲೆ ಏನೂ ಅನ್ನಲಿಲ್ಲ.

*

"ಆ ನರ್ಸ್ ಹುಡುಗಿ ಏನೇನೋ ಒತ್ತಿದಾಳೆ," ಹೆಣದ ಮುಂದಿನ ಭಜನೆಯ ನಡುವೆಯೇ ಅನ್ನುತ್ತಿದ್ದ ಮೃತ್ಯುಂಜಯ. "ಮೊದಲು ಅವಳ ಕೆಲಸ ತೆಗೆಸ್ತೀನಿ, ನೋಡ್ತಿರಿ."

"ಅವಳದ್ದೇನೂ ತಪ್ಪಿಲ್ಲ ಕಣಪ್ಪ," ಅಂದಳು ಗಿರಿಜಾಂಬಾ. "ಇವನನ್ನ ಕೊಂದೋಳು ನಾನು."

ಭಜನೆಯ ತಾಳ ಒಂದು ಏಟು ತಪ್ಪಿತು.

"ಅಯ್ಯೋ, ಎಂಥಾ ಮಾತು ಗಿರಿಜಮ್ಮ!" ಅಂದರು ಎದುರುಮನೆ ಭಾನುಮತಿ.

"ಕೇಳಿದ್ದಕ್ಕೆ ಸುಳ್ಳು ಹೇಳ್ದೆ ಕಣ್ರೀ. ಬೆಟ್ಟ ಹತ್ತುತ್ತಾನೆ ಅಂದೆ. ಕಾಲು ಊದೇ ಇಲ್ಲ ಅಂದೆ."

ಮೃತ್ಯುಂಜಯ ಅವಳ ಹೆಗಲು ತಟ್ಟಿದ. "ಅತ್ತೆ, ಹೋದ ತಿಂಗಳು ಬಸ್ ಸ್ಟಾಪಲ್ಲಿ ಎಡವಿದ್ದಕ್ಕೆ ಇನ್ನೂರು ಮೂಳೆ ಮುರೀತು ಅಂದೋರು ನೀವು. ಸುಮ್ನಿರಿ. ದುಃಖದಲ್ಲೂ ನಿಮಗೆ ಎಲ್ಲಾ ದೊಡ್ಡದೇ ಆಗ್ಬೇಕು."

"ಇವರ ಮಾತು ಗೊತ್ತಿಲ್ವೇ ನಮಗೆ," ಅಂತ ಯಾರೋ ಮೂಗು ಒರೆಸಿಕೊಂಡು ನಕ್ಕರು. ಭಾನುಮತಿ ತಮ್ಮ ಮನೆಯಿಂದ ತಂದ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಅವಳ ಕೈಗಿಟ್ಟರು. ಜನ್ಮವೆಲ್ಲಾ ಉಬ್ಬಿಸಿ ಹೇಳಿದ್ದನ್ನ ಕಿವಿಗೊಟ್ಟು ಕೇಳಿದ ಜನ, ಒಂದು ನಿಜ ಹೇಳಿದ ದಿನ ಕಾಫಿ ಕೊಟ್ಟು ಬಾಯಿ ಮುಚ್ಚಿಸಿದರು.

ನಗದೆ ಇದ್ದವಳು ಹೇಮಶ್ರೀ ಒಬ್ಬಳೇ. ಅವಳು ಕವರು ಬಿಚ್ಚಿದಳು. ಮೂರನೇ ಹಾಳೆಯಲ್ಲಿ ಅವಳ ಬೆರಳು ಸಾಲು ಹಿಡಿದು ಇಳಿಯಿತು. ಓಡಾಟ: ಚೆನ್ನಾಗಿದೆ. ಹಿಂದೆ ಕಾಲು ಊತ: ಇಲ್ಲ. ಬೆರಳು ಕೆಳಗಿನ ಹೆಸರಿನ ಮೇಲೆ ನಿಂತಿತು. ಮಾಹಿತಿ ಕೊಟ್ಟವರು: ಗಿರಿಜಾಂಬಾ, ಅಕ್ಕ.

ಹೇಮಶ್ರೀ ತಲೆ ಎತ್ತಲಿಲ್ಲ. ಹಾಳೆಯನ್ನ ನಾಲ್ಕಾಗಿ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು.

ಹೆಣ ಕೂರಿಸಿದ ಬಿದಿರಿನ ವಿಮಾನ ಎತ್ತಿದರು. ಹರಹರ ಮಹಾದೇವ ಅಂದರು. ಚೆಂಡುಹೂವಿನ ನಡುವೆ ಕೂತ ಪ್ರಭುಸ್ವಾಮಿ ಬಾಗಿಲು ದಾಟಿದ. ಎರಡನೇ ಮೆಟ್ಟಲಲ್ಲಿ ಹೆಗಲು ಕೊಟ್ಟವರು ಒಂದು ಗಳಿಗೆ ನಿಂತರು, ಭಾರ ಸರಿಮಾಡಿಕೊಳ್ಳಲು. ಪಂಚೆ ಜಾರಿತು. ಎಡಗಾಲು ಈಚೆ ಬಂತು, ನೆಟ್ಟಗೆ.

ಗಿರಿಜಾಂಬಾ ಮೇಲಿನ ಮೆಟ್ಟಲ ತುದಿಗೆ ಬಂದಳು. ಕಾಫಿ ಲೋಟ ಇನ್ನೂ ಎಡಗೈಯಲ್ಲೇ ಇತ್ತು.

"ಹೇಮಾ, ಕೈ ಕೊಡೇ," ಅಂದಳು, ಬಲಗೈ ಚಾಚಿ.

ಹೇಮಶ್ರೀ ಅವಳನ್ನ ಸವರಿಕೊಂಡೇ ಇಳಿದಳು. ಪಂಚೆ ಎಳೆದು ಅಪ್ಪನ ಕಾಲು ಮುಚ್ಚಿದಳು. ಆ ಪಂಚೆಯ ಅಂಚು ಹಿಡಿದುಕೊಂಡೇ ನಡೆದಳು. ಜಾಗಟೆ ಸದ್ದು ಬೀದಿ ತಿರುವು ದಾಟಿತು.

ಮೂರು ಮೆಟ್ಟಲಿನ ಮೇಲೆ ಆ ಕೈ ಇನ್ನೂ ಚಾಚಿಕೊಂಡೇ ಇತ್ತು.