ಹಾಡು ಕದ್ದವನ ಅಂಗಳದಲ್ಲಿ

ಧ್ವನಿವರ್ಧಕ ಕಟ್ಟಿದ ಲಾರಿ ಸಂತೆಬೀದಿಗೆ ತಿರುಗಿದಾಗ ಅನೆಲ್ಯೂಸ್ ಓಸ್ಲಾಂದಳ ಬಾಣಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕರಿದ ಬಾಳೆಕಾಯಿ ತಿನ್ನುತ್ತಿದ್ದ. ಆ ವರ್ಷ ಲೆಯೊಗಾನ್ ಬಯಲಿನ ತುಂಬ ಚುನಾವಣೆಯ ಲಾರಿಗಳು ಬೀದಿನಾಯಿಗಳ ಹಾಗೆ ಅಲೆಯುತ್ತಿದ್ದವು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅವನೂ ನೋಡಲಿಲ್ಲ. ಆದರೆ ಕಿವಿಗೆ ಬಿದ್ದ ರಾಗ ಅವನ ಕೈಯಲ್ಲಿದ್ದ ತುತ್ತನ್ನು ಬಾಯಿಯ ಹತ್ತಿರವೇ ತಡೆದು ನಿಲ್ಲಿಸಿತು.

ಅದು ಅವನ ರಾಗ. ತಮ್ಮ ಲುಕ್ಸೋನನನ್ನು ಮಣ್ಣು ಮಾಡಿ ಬಂದ ದಿನ ಅಂಗಳದಲ್ಲಿ ಕೂತು, ಅಳು ಬರದೆ, ಅದರ ಬದಲಿಗೆ ಬಂದ ಹಾಡು. ಒಬ್ಬ ಕೇಳಬೇಕು, ಉಳಿದವರು ಉತ್ತರಿಸಬೇಕು. ಕೊಂಬು ಊದಿದವನ್ಯಾರು? ಲುಕ್ಸೋನ್! ಕುಣಿಕುಣಿದು ನಕ್ಕವನ್ಯಾರು? ಲುಕ್ಸೋನ್! ಬೆಳಗಾದರೂ ಏಳದವನ್ಯಾರು? ಲುಕ್ಸೋನ್!

ಲಾರಿಯ ಮೇಲಿನ ಡಬ್ಬಿ ಈಗ ಬೇರೆಯೇ ಕೇಳುತ್ತಿತ್ತು. ರಸ್ತೆ ಹಾಕಿಸೋನು ಯಾರು? ವಾಲ್ಸೆನ್! ಮನೆಮನೆಗೂ ದೀಪ ಕೊಡೋನು ಯಾರು? ವಾಲ್ಸೆನ್!

ಸತ್ತ ತಮ್ಮನ ಹೆಸರು ಕೂತಿದ್ದ ಜಾಗದಲ್ಲಿ ಅವನನ್ನು ಕೊಂದವನ ಹೆಸರು ಕಾಲು ಚಾಚಿ ಕೂತಿತ್ತು.

ಓಸ್ಲಾಂದ್ ಜಾಲರಿಸೌಟನ್ನು ಎಣ್ಣೆಯಲ್ಲೇ ಬಿಟ್ಟಳು. ಲುಕ್ಸೋನ್ ಬದುಕಿದ್ದರೆ ಅವಳನ್ನೇ ಮದುವೆಯಾಗುತ್ತಿದ್ದ. "ಅನೆಲ್ಯೂಸ್, ನಂಗೊಬ್ಬಳಿಗೇ ಹಂಗೆ ಕೇಳಿಸ್ತಾ ಇದೆಯಾ?" ಅಂದಳು.

ಅವನು ತಟ್ಟನೆ ಎದ್ದ. ಬಾಳೆಕಾಯಿಯನ್ನು ಲಾರಿಯ ಗಾಜಿಗೆ ಬೀಸಿ ಹೊಡೆದ. ಚಾಲಕ ಅದನ್ನು ಹುಚ್ಚನ ಚೇಷ್ಟೆ ಎಂದುಕೊಂಡು ಹಲ್ಲು ಬಿಟ್ಟು, ಕೈ ಬೀಸಿ ಮುಂದೆ ಹೋದ.

ಲುಕ್ಸೋನ್ ವಾಲ್ಸೆನ್‌ನ ಸಾರಾಯಿ ಭಟ್ಟಿಯಲ್ಲಿ ಹಂಡೆಯ ಬೆಂಕಿ ನೋಡಿಕೊಳ್ಳುತ್ತಿದ್ದ. ಹಂಡೆಗೆ ವಯಸ್ಸಾಗಿತ್ತು. ಒಂದು ಕಡೆ ಬಿರುಕು ಬಿಟ್ಟಾಗ ವಾಲ್ಸೆನ್ ತಗಡಿನ ತೇಪೆ ಹಾಕಿಸಿದ. ತೇಪೆಯ ಪಕ್ಕ ಬಿಟ್ಟಾಗ ಮತ್ತೊಂದು ತೇಪೆ. ಒಂದು ಬೆಳಿಗ್ಗೆ ಅದು ಒಡೆದು, ಕುದಿಯುವ ರಸ ಲುಕ್ಸೋನನ ಮೈಮೇಲೆ ಬಿತ್ತು. ಎರಡು ದಿನ ಅವನು ಬಾಳೆ ಎಲೆಯ ಮೇಲೆ ಮಲಗಿ ನರಳಿ ಸತ್ತ. ವಾಲ್ಸೆನ್ ಮಣ್ಣಿಗೆ ಬರಲಿಲ್ಲ. ರೇಡಿಯೋದವರು ಕೇಳಿದಾಗ, "ಪಾಪ, ಹುಡುಗ ಕುಡಿದಿದ್ದ" ಎಂದ.

ತಿ-ಮಾಪು ಹಳ್ಳಿಯಲ್ಲಿ ಆ ಮಾತು ಬೆಂಕಿಗಿಂತ ಹೆಚ್ಚು ಸುಟ್ಟಿತು. ಲುಕ್ಸೋನನಿಗೆ ಸಾರಾಯಿಯ ವಾಸನೆಗೇ ವಾಂತಿ ಬರುತ್ತಿತ್ತು. ಮೂಗಿಗೆ ಅರಿವೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ. ಭಟ್ಟಿಯಲ್ಲಿ ಎಲ್ಲರೂ ಅವನನ್ನು 'ಪಾದ್ರಿ' ಎಂದು ಗೇಲಿ ಮಾಡುತ್ತಿದ್ದರು.

ಅನೆಲ್ಯೂಸ್ ಸಂತೆಯಿಂದ ನೆಟ್ಟಗೆ ಮೇಳದ ಮನೆಗೆ ಹೋದ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಬಯಲಿನ ಊರೂರುಗಳ ರಾರಾ ಮೇಳಗಳು ಡೋಲು, ಬಿದಿರ ಕೊಂಬು ಹಿಡಿದು ರಸ್ತೆಗಿಳಿಯುತ್ತವೆ; ಈಸ್ಟರ್ ಮುಗಿಯುವ ತನಕ ನಡೆಯುವುದು, ಊದುವುದು, ಹಾಡುವುದು. ತಿ-ಮಾಪು ಮೇಳಕ್ಕೆ ಹಾಡು ಕಟ್ಟುವವನೂ ಎತ್ತುವವನೂ ಅನೆಲ್ಯೂಸ್. ಯಜಮಾನ ಫೆನೆಲ್. ಬಿದಿರ ಕೊಂಬುಗಳಲ್ಲಿ ಒಂದೊಂದಕ್ಕೂ ಒಂದೊಂದೇ ಸ್ವರ; ಎಲ್ಲರೂ ಸರದಿಯಲ್ಲಿ ಊದಿದರೆ ಮಾತ್ರ ರಾಗ ಹುಟ್ಟುತ್ತದೆ. ಲುಕ್ಸೋನ್ ಹೋದ ಮೇಲೆ ರಾಗದಲ್ಲಿ ಒಂದು ಹಲ್ಲು ಬಿದ್ದಂತಾಗಿತ್ತು. ಫೆನೆಲ್ ಒಂದೇ ವಾರದಲ್ಲಿ ಬೇರೆಯವನನ್ನು ತಂದು ಆ ಜಾಗ ತುಂಬಿಸಿದ್ದ. ಅದಕ್ಕೇ ಅನೆಲ್ಯೂಸನಿಗೆ ಅವನ ಮೇಲೆ ಒಳಗೊಳಗೇ ಮುನಿಸಿತ್ತು.

ಮೇಳದ ಮನೆಯ ಗೋಡೆಗೆ ಹೊಸ ತಗಡಿನ ಕಹಳೆಗಳು ಸಾಲಾಗಿ ತೂಗುತ್ತಿದ್ದವು. ಮಿರಿಮಿರಿ ಮಿಂಚುತ್ತಿದ್ದವು. ಫೆನೆಲ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಉಜ್ಜುತ್ತಿದ್ದ.

"ಆ ಹಾಡು ಅವನಿಗೆ ಹೆಂಗೆ ಸಿಕ್ತು, ಫೆನೆಲ್?"

"ಹಾಡು ಗಾಳೀಲಿರ್ತದೆ ಕಣಯ್ಯಾ. ಗಾಳಿಗೆ ಬೇಲಿ ಹಾಕಕ್ಕಾಗ್ತದಾ?"

"ಓಹೋ. ಗಾಳೀನೇ ಈ ಕಹಳೆಗಳನ್ನೂ ತಂದು ಗೋಡೆಗೆ ನೇತುಹಾಕ್ತಾ?"

ಫೆನೆಲ್ ಬಟ್ಟೆ ಪಕ್ಕಕ್ಕಿಟ್ಟ. "ಕೂತ್ಕೋ."

"ಕೂರಲ್ಲ. ಹೇಳು. ನೀನೇ ಹೋಗಿ ಹಾಡಿ ತೋರಿಸ್ದೆ, ಅಲ್ವಾ? ಅವನ ಜಗಲಿ ಮೇಲೆ ಕೂತು, ಅವನ ಕಾಫಿ ಕುಡ್ಕಂಡು, ನನ್ನ ತಮ್ಮನ ಹಾಡು ಹಾಡ್ದೆ."

"ಹೌದು, ಹಾಡ್ದೆ!" ಫೆನೆಲನ ದನಿಯೂ ಏರಿತು. "ಏನಿವಾಗ? ಈ ಊರಲ್ಲಿ ಯಾರ ಕಬ್ಬು ಯಾರ ಗಾಣಕ್ಕೆ ಹೋಗ್ತದೆ ಹೇಳು. ನಿಮ್ಮವ್ವನ ಕಬ್ಬು ಯಾರು ತಗೋತಾರೆ? ನಾಳೆ ಅವನು 'ತಿ-ಮಾಪು ಗಾಡಿಗಳನ್ನ ಒಳಕ್ಕೆ ಬಿಡಬೇಡ್ರೋ' ಅಂದ್ರೆ ನಿನ್ನ ಹಾಡನ್ನ ಬೇಯಿಸ್ಕಂಡು ತಿನ್ನಣವಾ? ಸತ್ತೋನು ಸತ್ತ. ನಾನೂ ಅತ್ತಿದೀನಿ. ಇರೋರು ಉಣ್ಣಬೇಕಲ್ಲ!"

"ನೀನು ಅಳ್ತಾ ಇರೋವಾಗ್ಲೇ ಅವನ ಕೊಂಬಿಗೆ ಬೇರೆಯವನ್ನ ಹುಡುಕ್ತಾ ಇದ್ದೆ."

"ಈಸ್ಟರ್ ದಿನ ಮೇಳ ವಾಲ್ಸೆನ್ ಅಂಗಳಕ್ಕೆ ಹೋಗ್ತದೆ. ಮಾತು ಕೊಟ್ಟಾಗಿದೆ. ರಾಜಧಾನಿಯಿಂದ ದೊಡ್ಡೋರೆಲ್ಲ ಬರ್ತಾರೆ. ನೀನು ಬಂದ್ರೆ ಬಾ. ಇಲ್ಲ ಅಂದ್ರೆ ಹಾಡೋಕೆ ಬೇರೆ ಬಾಯಿ ಸಿಗ್ತದೆ."

ಅನೆಲ್ಯೂಸ್ ಅವನ ತೊಡೆಯ ಮೇಲಿದ್ದ ಕಹಳೆ ಕಿತ್ತುಕೊಂಡು ನೆಲಕ್ಕೆ ಹಾಕಿ ತುಳಿದ. ತಗಡು ಕುಯ್ಯೆಂದು ಚಪ್ಪಟೆಯಾಯಿತು. ಹಗುರ ತಗಡು, ಅಗ್ಗದ್ದು. ಅದಕ್ಕೂ ಅವನಿಗೆ ಸಿಟ್ಟು ಬಂತು. ಇಷ್ಟಕ್ಕಾ ಮಾರಿದ್ದು?

ತಾಯಿ ಸಿದೊನಿಗೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಅಂಗಳದಲ್ಲಿ ಮೊರದ ತುಂಬ ಹಸಿ ತೊಗರಿಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಮಗ ಹತ್ತಿರ ಬಂದರೂ ತಲೆ ಎತ್ತಲಿಲ್ಲ.

"ನಾನು ಹೋಗಲ್ಲ ಅವ್ವ. ಅವನ ಹೊಸ್ತಿಲಿಗೆ ಉಗಿಯೋಕೂ ಹೋಗಲ್ಲ."

"ಹೋಗ್ತೀಯ" ಎಂದಳು ಸಿದೊನಿ. "ಹೋಗಿ ನೆಟ್ಟಗೆ ನಿಂತ್ಕಂಡು, ನೀನು ಕಟ್ಟಿದ್ಯಲ್ಲ, ಹಂಗೇ ಹಾಡ್ತೀಯ. ನನ್ನ ಮಗನ ಹೆಸರು ಆ ಅಂಗಳದಲ್ಲಿ ಕೇಳಿಸ್ಬೇಕು. ಕುಡುಕ ಅಂದನಲ್ಲ, ಆ ಮುಖಕ್ಕೆ ಊರಿಗೂರೇ 'ಲುಕ್ಸೋನ್' ಅಂತ ಕೂಗ್ಬೇಕು. ನಂಗೆ ಬೇರೆ ಏನೂ ಬೇಡ. ರಸ್ತೆ ಬೇಡ, ದೀಪ ಬೇಡ."

ಈಸ್ಟರ್ ದಿನ ಬಿಸಿಲು ಕಡ್ಡಿ ಗೀರಿದಂತಿತ್ತು. ಮೇಳ ಕಬ್ಬಿನ ಗದ್ದೆಗಳ ನಡುವಿನ ಧೂಳುದಾರಿಯಲ್ಲಿ ಊದುತ್ತಾ ಬಡಿಯುತ್ತಾ ಸಾಗಿತು. ಅನೆಲ್ಯೂಸ್ ಬಂದದ್ದು ಕಂಡು ಫೆನೆಲ್ ಒಂದು ಕ್ಷಣ ಅನುಮಾನಿಸಿದ. ಆಮೇಲೆ, ಹೊಟ್ಟೆ ಬುದ್ಧಿ ಕಲಿಸಿರಬೇಕು ಎಂದುಕೊಂಡು ಸುಮ್ಮನಾದ. ಹಿಂದೆ ಹೆಂಗಸರ ಸಾಲಿನ ಮುಂದೆ ಓಸ್ಲಾಂದ್ ಇದ್ದಳು. ಕೆಂಪು ವಸ್ತ್ರ ತಲೆಗೆ ಬಿಗಿದಿದ್ದಳು, ನಗುತ್ತಿರಲಿಲ್ಲ.

ವಾಲ್ಸೆನ್‌ನ ಗೇಟು ಹಾರುಹೊಡೆದಿತ್ತು. ಜಗಲಿಯ ಮೇಲೆ ಬಿಳಿ ಕುರ್ಚಿಗಳು, ಬಿಳಿ ಅಂಗಿಗಳು, ಮೇಜಿನ ಮೇಲೆ ಹುರಿದ ಆಡಿನ ಮಾಂಸ, ಬೀಟ್‌ರೂಟಿನ ಕೋಸಂಬರಿ. ಗೇಟಿನ ಬಳಿ ಬಂದೂಕಿನ ಕಾವಲುಗಾರರು. ವಾಲ್ಸೆನ್ ತಾನೇ ಮೆಟ್ಟಿಲಿಳಿದು ಬಂದ. ದಪ್ಪನೆಯ, ನಗುಮುಖದ, ಎಲ್ಲರ ಹೆಗಲ ಮೇಲೂ ಕೈ ಹಾಕುವ ಮನುಷ್ಯ. ಅನೆಲ್ಯೂಸನ ಹೆಗಲ ಮೇಲೂ ಹಾಕಿದ.

"ಇವನೇ ಅಲ್ವಾ ನಿಮ್ಮ ಕವಿ? ಭೇಷ್, ಭೇಷ್. ಎಲ್ಲಿ, ಆ ಹಾಡು ಎತ್ತು ನೋಡಣ. ನಮ್ಮ ನೆಂಟ್ರು ಕೇಳ್ಲಿ."

ಆ ಕೈಯ ಭಾರ ಹೆಗಲಿನಿಂದ ಎದ್ದ ಮೇಲೂ ಅಲ್ಲೇ ಇದ್ದಂತೆ ಅನ್ನಿಸಿತು. ಅನೆಲ್ಯೂಸ್ ಡೋಲಿನವನಿಗೆ ಕಣ್ಸನ್ನೆ ಮಾಡಿದ. ಕೊಂಬುಗಳು ಎದ್ದವು. ಅವನು ಕತ್ತು ಹಿಂದಕ್ಕೆ ಬಾಗಿಸಿ, ತಾಯಿ ಹೇಳಿದಂತೆ, ಮೊದಲ ಸಾಲನ್ನು ತಾನು ಕಟ್ಟಿದ ಹಾಗೇ ಎತ್ತಿದ:

"ಕೊಂಬು ಊದಿದವನ್ಯಾರು?"

"ವಾಲ್ಸೆನ್!" ಎಂದಿತು ಮೇಳ.

ಅವನು ತಿರುಗಿ ನೋಡಿದ. ಯಾರ ಮುಖದಲ್ಲೂ ಕಪಟವಿರಲಿಲ್ಲ. ತಿಂಗಳಿಂದ ಲಾರಿ ಬೀದಿಬೀದಿಯಲ್ಲೂ ಅದನ್ನೇ ಅರಚಿತ್ತು. ಪಾತ್ರೆ ತೊಳೆಯುವಾಗ, ಕಬ್ಬು ಕಡಿಯುವಾಗ ಅದೇ ಬಾಯಿಗೆ ಬಂದಿತ್ತು. ನಾಲಿಗೆ ತಾನಾಗಿಯೇ ಆ ಹೆಸರಿನ ಮೇಲೆ ಬಿದ್ದಿತ್ತು, ಅಷ್ಟೆ. ಕೆಲವರಿಗೆ ತಾವು ಏನೆಂದೆವು ಎಂಬುದೂ ಗೊತ್ತಾಗಿರಲಿಲ್ಲ.

"ಕುಣಿಕುಣಿದು ನಕ್ಕವನ್ಯಾರು?" ಅವನ ದನಿ ಒಡೆಯಿತು.

"ವಾಲ್ಸೆನ್!"

"ಲುಕ್ಸೋನ್!" ಎಂದು ಓಸ್ಲಾಂದ್ ಒಬ್ಬಳೇ ಕಿರುಚಿದಳು. ಅದು ಕೊಂಬಿನ ಸದ್ದಿನಲ್ಲಿ ಮುಳುಗಿಹೋಯಿತು. ವಾಲ್ಸೆನ್ ಎರಡೂ ಕೈ ಮೇಲೆತ್ತಿ ಸೊಂಟ ಕುಣಿಸಿದ. ಜಗಲಿಯ ಮೇಲೆ ಚಪ್ಪಾಳೆ.

ಅನೆಲ್ಯೂಸನಿಗೆ ಆ ಹೊತ್ತು ವಾಲ್ಸೆನ್‌ನ ಮೇಲಿಗಿಂತ ತನ್ನವರ ಮೇಲೆಯೇ ಸಿಟ್ಟು ಉಕ್ಕಿತು. ಒಟ್ಟಿಗೆ ಬೆಳೆದವರು. ಲುಕ್ಸೋನನ ಸುಟ್ಟ ಮೈಯನ್ನು ಹೊತ್ತು ತಂದವರು. ಅವರ ಬಾಯಿಗೆ ಒಬ್ಬೊಬ್ಬರಿಗೂ ಹೊಡೆಯಬೇಕೆನ್ನಿಸಿತು. ಹಾಡು ನಿಲ್ಲಿಸಿ ಹೊರಟುಬಿಡೋಣವೆಂದು ಒಂದು ಕಾಲು ಎತ್ತಿಯೂ ಇದ್ದ. ಆದರೆ ಡೋಲು ಬಿಡಲಿಲ್ಲ; ಮುಂದಿನ ಪ್ರಶ್ನೆಗೆ ಜಾಗ ಮಾಡಿಕೊಟ್ಟು ಕಾದಿತ್ತು. ಉತ್ತರ ಹೇಗೂ ಒಂದೇ. ಹಾಗಿದ್ದರೆ ಕೇಳುವುದನ್ನೇ ಬದಲಿಸಿದರಾಯಿತು.

"ಒಡಕು ಹಂಡೆಗೆ ತೇಪೆ ಹಾಕ್ಸಿದವನ್ಯಾರು?"

"ವಾಲ್ಸೆನ್!"

"ತೇಪೆ ಮೇಲೊಂದು ತೇಪೆ ಹಾಕ್ಸಿದವನ್ಯಾರು?"

"ವಾಲ್ಸೆನ್!"

ಜಗಲಿಯಲ್ಲಿ ಇನ್ನೂ ನಗುತ್ತಿದ್ದರು. ವಾಲ್ಸೆನ್‌ನ ಸೊಂಟ ಮಾತ್ರ ನಿಧಾನವಾಗಿತ್ತು. ಮೇಳದ ಗಂಡಸರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಫೆನೆಲ್ ಸೀಟಿ ಊದಿ, ನಿಲ್ಲಿಸಿ ಎಂದು ಕೈ ಆಡಿಸಿದ. ಹೆಂಗಸರಿಗೆ ಅರ್ಥವಾಗಿಬಿಟ್ಟಿತ್ತು. ಓಸ್ಲಾಂದ್ ತಲೆವಸ್ತ್ರ ಬಿಚ್ಚಿ ಗಾಳಿಯಲ್ಲಿ ಬೀಸುತ್ತಾ ಮುಂದೆ ಬಂದಳು. ಅವಳ ಹಿಂದೆ ಸಾಲಿಗೆ ಸಾಲೇ ಬಂತು.

"ಮಣ್ಣಿಗೆ ಬರ್ದೆ ಮುಖ ಮುಚ್ಕಂಡವನ್ಯಾರು?"

"ವಾಲ್ಸೆನ್!" ಈಗ ಅದು ಹಾಡಾಗಿರಲಿಲ್ಲ.

"ಸತ್ತೋನ್ನ ಕುಡುಕ ಅಂದವನ್ಯಾರು?"

"ವಾಲ್ಸೆನ್!" ಬಾಯಿ ಮುಚ್ಚಿದ್ದ ಗಂಡಸರೂ ಸೇರಿಕೊಂಡರು. ಕೊಂಬಿನವರು ಕೊಂಬು ಬಾಯಿಂದ ತೆಗೆದು ಅರಚಿದರು. ಕೂಗಿ ಕೂಗಿ ಅವರ ಕತ್ತಿನ ನರ ಉಬ್ಬಿದ್ದವು. ಗೇಟಿನ ಹೊರಗೆ ಇಣುಕುತ್ತಿದ್ದ ಬೇರೆ ಊರಿನವರೂ ಕೂಗುತ್ತಿದ್ದರು.

ಅನೆಲ್ಯೂಸನಿಗೆ ತಾಯಿಯ ಮಾತು ನೆನಪಾಯಿತು. ಕೊನೆಗೊಮ್ಮೆಯಾದರೂ ಆ ಹೆಸರು ಬರಲಿ. ವಾಲ್ಸೆನ್‌ನ ಮುಖಕ್ಕೆ ಮುಖ ಕೊಟ್ಟು, ಉತ್ತರ ತಪ್ಪಲಾರದ ಪ್ರಶ್ನೆಯನ್ನೇ ಎತ್ತಿದ:

"ಸತ್ತು ಮಣ್ಣಲ್ಲಿ ಮಲಗಿದವನ್ಯಾರು?"

"ವಾಲ್ಸೆನ್!"

ಅಷ್ಟು ಜೋರಾಗಿ ಅವರು ಅದುವರೆಗೆ ಕೂಗಿರಲಿಲ್ಲ. ಕೂಗಿದ ಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿ ಎಲ್ಲರೂ ತಣ್ಣಗಾದರು. ಡೋಲು ನಿಂತಿತು. ಈಸ್ಟರ್ ಹಬ್ಬದ ದಿನ, ನೆಂಟರೆದುರು, ತನ್ನದೇ ಅಂಗಳದಲ್ಲಿ ಜೀವಂತ ನಿಂತಿದ್ದವನನ್ನು ಅವರು ಹೂತುಹಾಕಿದ್ದರು. ವಾಲ್ಸೆನ್‌ನ ಕೆನ್ನೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಕಾವಲುಗಾರರ ಕಡೆ ತಿರುಗಿ, ಅನೆಲ್ಯೂಸನತ್ತ ಬೆರಳು ತೋರಿಸಿದ.

ಕಾವಲುಗಾರ ಬಂದೂಕಿನ ಹಿಡಿಯಿಂದ ಅನೆಲ್ಯೂಸನ ಬಾಯಿಗೆ ಹೊಡೆದ. ಉಳಿದ ಕಾವಲುಗಾರರು ಡೋಲಿನ ಚರ್ಮಕ್ಕೆ ಚಾಕು ಹಾಕಿದರು, ಕೊಂಬುಗಳನ್ನು ಮೊಣಕಾಲಿಗೆ ಕೊಟ್ಟು ಸೀಳಿದರು. ಫೆನೆಲ್ ಅಡ್ಡ ಬಂದ. "ಸ್ವಾಮಿ, ಹಬ್ಬದ ದಿನ ಬೇಡಿ" ಎಂದು ಬೇಡುತ್ತಿದ್ದಾಗಲೇ ಅವನ ತಲೆಗೂ ಬಿತ್ತು. ಓಸ್ಲಾಂದ್ ಮೇಜಿನ ಮೇಲಿದ್ದ ಕೋಸಂಬರಿಯ ತಟ್ಟೆಯನ್ನು ಎತ್ತಿ ಒಬ್ಬ ಕಾವಲುಗಾರನ ಮುಖಕ್ಕೆ ಎರಚಿದ್ದರಿಂದ ಮೇಳದವರಿಗೆ ಅನೆಲ್ಯೂಸನನ್ನು ಎಳೆದುಕೊಂಡು ಕಬ್ಬಿನೊಳಕ್ಕೆ ನುಗ್ಗಲು ಆಯಿತು.

ಆಮೇಲೆ ಕೆಲವೇ ದಿನಗಳಲ್ಲಿ ಆ ಲಾರಿ ಬಯಲಿನಲ್ಲಿ ಆ ಹಾಡು ಹಾಕುವುದನ್ನೇ ನಿಲ್ಲಿಸಿತು. ಹಾಕಿದ ಕಡೆಯಲ್ಲೆಲ್ಲ ಜನ ಹಂಡೆಯ ಪ್ರಶ್ನೆ, ತೇಪೆಯ ಪ್ರಶ್ನೆ ಕೂಗುತ್ತಿದ್ದರು. ಆದರೂ ವಾಲ್ಸೆನ್ ಗೆದ್ದ. ಅಂಥವರು ಹೇಗೆ ಗೆಲ್ಲುತ್ತಾರೋ ಹಾಗೆ ಗೆದ್ದ. ತಿ-ಮಾಪು ಗಾಡಿಗಳನ್ನು ಗಾಣದ ಗೇಟಿನಿಂದಲೇ ತಿರುಗಿಸಿ ಕಳಿಸಿದರು. ಊರವರು ಕಬ್ಬನ್ನು ಗುಡ್ಡದಾಚೆಯ ಗಾಣಕ್ಕೆ ಎತ್ತಿನಗಾಡಿಯಲ್ಲಿ ಹೇರಿದರು. ಹೋಗುವಷ್ಟರಲ್ಲಿ ರಸ ಅರ್ಧ ಒಣಗುತ್ತಿತ್ತು. ಬಾವಿಕಟ್ಟೆಯಲ್ಲಿ ಕೆಲವರು ಅನೆಲ್ಯೂಸನ ಬೆನ್ನು ತಟ್ಟಿದರು, ಕೆಲವರು ಅವನನ್ನು ಕಂಡು ಕೊಡ ಎತ್ತಿಕೊಂಡು ಹೋದರು. ಫೆನೆಲ್ ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದು ಬೇಲಿಯಾಚೆ ನಿಂತು, "ಖುಷಿ ಆಯ್ತಾ? ಹೊಟ್ಟೆ ತುಂಬ್ತಾ?" ಎಂದು ಕೂಗಿದ. ಅನೆಲ್ಯೂಸ್ ಊದಿದ ತುಟಿಯಲ್ಲೇ, "ತುಂಬ್ತು. ನಿಂಗೂ ಬಡಿಸ್ಲಾ?" ಎಂದ. ಅವನಿಗೆ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ.

ಅವನು ಹೆದರಿದ್ದು ತಾಯಿಗೆ ಮಾತ್ರ. ಅವಳು ಗಾಯಕ್ಕೆ ಉಪ್ಪುನೀರು ಹಾಕಿದಳು, ಜೋಳದ ಗಂಜಿ ಕುಡಿಸಿದಳು. ತುಟಿಯ ಊತ ಇಳಿಯುವ ತನಕ ಏನೂ ಕೇಳಲಿಲ್ಲ. ಇಳಿದ ಬೆಳಿಗ್ಗೆ ಕೇಳಿದಳು.

"ನನ್ನ ಮಗನ ಹೆಸರು ಎಲ್ಲೋಯ್ತೋ?"

"ಅವ್ವ, ಅವರು..."

"ಅವರ ಮಾತು ಬಿಡು. ಚೆನ್ನಾಗೇ ಹಾಡ್ದೆ ಅಂದ್ರು. ವಾಲ್ಸೆನ್ ಇನ್ನೂ ನಿದ್ದೇಲಿ ಬೆಚ್ಚಿ ಬೀಳ್ತಾನಂತೆ. ಬೀಳ್ಲಿ, ಹಾಳಾಗೋಗ್ಲಿ. ಆದ್ರೆ ಇನ್ನು ಊರಿಗೂರೇ ಆ ಹಾಡು ಹಾಡೋದು ಅವನ ಹೆಸರಲ್ಲೇ. ಬಯ್ಯೋಕಾದ್ರೂ ಅವನ ಹೆಸರೇ. ಲುಕ್ಸೋನ್‌ಗೆ ಏನುಳೀತು?"

ಅನೆಲ್ಯೂಸ್ ಎದ್ದು ನಿಂತ. ರಕ್ತ ಮುಖಕ್ಕೇರಿತು. "ನಾನೇನು ಮಾಡ್ಬೇಕಾಗಿತ್ತು? ಬಾಯಿ ಒಡೆಸ್ಕಂಡು ಬಂದಿದೀನಿ, ಕಾಣ್ತಿಲ್ವಾ ನಿಂಗೆ?"

"ಕಾಣ್ತದೆ. ಕೂತ್ಕೋ. ಇನ್ನೊಂದು ಕಟ್ಟು."

"ಆಗಲ್ಲ."

"ಆಗಲ್ಲ ಅಂದ್ರೆ? ವಾಲ್ಸೆನ್ ಮೇಲೆ ಸಿಟ್ಟು ಹತ್ತಿದ್ದೇ ಹಾಡು ಅಷ್ಟು ಬೇಗ ಬಾಯಿಗೆ ಬಂತು, ತಮ್ಮನಿಗೋಸ್ಕರ ಬರಲ್ವಾ? ಕಟ್ಟು. ಈ ಸಲ ಬೇರೆ ಯಾವ ಹೆಸರೂ ಕೂರ್ದಂಗೆ ಕಟ್ಟು."

ಅವನು ಕಾಲಿನಿಂದ ನೆಲ ಒದ್ದ, ಗೊಣಗಿದ, ಕೊನೆಗೆ ಕೂತ. ಬೆರಳಿನಿಂದ ಮರದ ಒರಳಿಗೆ ತಾಳ ಹಾಕಿದ. ಮುರಿದ ಹಲ್ಲಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಒಂದು ಸಾಲು ಹೇಳಿದ.

ಸಿದೊನಿ ಅದರ ಕೊನೆಗೆ ಲುಕ್ಸೋನ್, ವಾಲ್ಸೆನ್ ಎರಡೂ ಹೆಸರು ಒಂದೊಂದಾಗಿ ಇಟ್ಟು ಬಾಯೊಳಗೇ ಹೇಳಿ ನೋಡಿದಳು.

"ಬೇಡ. ಅವನದೂ ಕೂರ್ತದೆ."

ಇನ್ನೊಂದು ಹೇಳಿದ.

"ಬೇಡ."

ಅವನು ಹಲ್ಲು ಕಚ್ಚಿಕೊಂಡು ಮತ್ತೆ ಒರಳು ಬಡಿಯತೊಡಗಿದ. ಅವಳು ಮೊರವನ್ನು ತೊಡೆಗೆ ಎಳೆದುಕೊಂಡಳು, ಕಾಯಿ ಸುಲಿಯುತ್ತಾ, ಕಿವಿಗೊಟ್ಟು ಕೂತಳು.